ಜರ್ಮನಿಗೆ ಹೊಸದಾಗಿ ಬಂದವರಿಗೆ: ಪಾರ್ಸೆಲ್ ಮನೆ ಸೇರಬೇಕಾದರೆ

ಊರಲ್ಲಿ ಏನಾದರೂ ಆನ್‌ಲೈನ್ ತರಿಸಿದರೆ ಡೆಲಿವರಿ ಹುಡುಗ ಫೋನ್ ಮಾಡುತ್ತಾನೆ. “ಸಾರ್, ಗಣಪತಿ ದೇವಸ್ಥಾನದ ಹತ್ರ ಇದೀನಿ, ಯಾವ ಕಡೆ ಬರ್ಲಿ?” ದಾರಿ ಹೇಳಿ, ಒಟಿಪಿ ಕೊಟ್ಟರೆ ಮುಗಿಯಿತು. ಜರ್ಮನಿಯಲ್ಲಿ ಆ ಫೋನ್ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಮನೆ ನಂಬರೂ ಇರುವುದಿಲ್ಲ. ಪಾರ್ಸೆಲ್ ತಂದವರು ಕಟ್ಟಡದ ಬಾಗಿಲಲ್ಲಿ ನಿಂತು ಹುಡುಕುವುದು ಬೆಲ್ ಪಕ್ಕದ ಹೆಸರನ್ನು. ಇದಕ್ಕೆ ಕ್ಲಿಂಗೆಲ್‌ಶಿಲ್ಡ್ ಅನ್ನುತ್ತಾರೆ. ನೀವು ಮೊದಲು ಕಲಿಯಬೇಕಾದ ಪದ ಅದು.

ನಮ್ಮವರು ಎಡವುವುದೂ ಅಲ್ಲೇ. ಪಾಸ್‌ಪೋರ್ಟಿಗಾಗಿ ಇನಿಶಿಯಲ್ ಬಿಡಿಸಿ ಬರೆದಾಗ ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಆಗಿ ಕೂತಿರುತ್ತದೆ. ಗಂಡನದು ಒಂದು, ಹೆಂಡತಿಯದು ಇನ್ನೊಂದು. ನಮ್ಮ ಮನೆಯ ಬೆಲ್ ಮೇಲೆ ಮೊದಲು ಇದ್ದದ್ದು ನನ್ನ ಸರ್‌ನೇಮ್ ಮಾತ್ರ. ನನ್ನಾಕೆ ತನ್ನ ಹೆಸರಲ್ಲಿ ಮಿಕ್ಸಿ ತರಿಸಿದಳು. ಈ ವಿಳಾಸದಲ್ಲಿ ಅಂಥವರಿಲ್ಲ ಎಂದು ಅದು ಬಂದ ದಾರಿಯಲ್ಲೇ ವಾಪಸ್ ಹೋಯಿತು. ಎರಡು ವಾರ ದೋಸೆಗೆ ಬರೀ ಚಟ್ನಿಪುಡಿ. ಕೀಲಿ ಕೈಗೆ ಬಂದ ದಿನವೇ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್‌ಗೆ ಅಥವಾ ಮನೆ ಮಾಲೀಕರಿಗೆ ಹೇಳಿ, ಇಬ್ಬರ ಸರ್‌ನೇಮನ್ನೂ ಬೆಲ್ ಮೇಲೂ ಅಂಚೆಪೆಟ್ಟಿಗೆ ಮೇಲೂ ಹಾಕಿಸಿ. ಆರ್ಡರ್ ಮಾಡುವಾಗಲೂ ಅದೇ ಕಾಗುಣಿತ ಇರಲಿ. ಗೆಳೆಯರ ಮನೆಯಲ್ಲಿ ತಂಗಿದ್ದರೆ ನಿಮ್ಮ ಹೆಸರಿನ ಕೆಳಗೆ ಕೇರ್ ಆಫ್ ಎಂದು ಅವರ ಸರ್‌ನೇಮ್ ಬರೆಯಿರಿ.

ನೀವು ಮನೆಯಲ್ಲಿ ಇಲ್ಲದಿದ್ದರೆ ಪಾರ್ಸೆಲ್ಲನ್ನು ಪಕ್ಕದ ಮನೆಯವರ ಕೈಗೆ ಕೊಟ್ಟುಹೋಗುವುದು ಇಲ್ಲಿನ ವಾಡಿಕೆ. ಅಂಚೆಪೆಟ್ಟಿಗೆಯ ಚೀಟಿಯಲ್ಲೋ ಟ್ರ್ಯಾಕಿಂಗ್‌ನಲ್ಲೋ ನಾಖ್‌ಬಾರ್, ಅಂದರೆ ನೆರೆಯವರು, ಎಂದು ಅವರ ಹೆಸರು ಇರುತ್ತದೆ. ಅವತ್ತೇ ಸಂಜೆ ಹೋಗಿ ತನ್ನಿ, ರಾತ್ರಿ ಹತ್ತರ ಮೇಲೆ ಬೆಲ್ ಒತ್ತಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ನೆರೆಯವರ ಪರಿಚಯ ಆದದ್ದೇ ಹೀಗೆ.

ಚೀಟಿಯಲ್ಲಿ ಫಿಲಿಯಾಲೆ ಎಂದಿದ್ದರೆ ಅಂಚೆ ಕೌಂಟರಿಗೆ ಹೋಗಬೇಕು. ಅದು ಎಷ್ಟೋ ಸಲ ಕಿರಾಣಿ ಅಂಗಡಿಯ ಮೂಲೆಯಲ್ಲಿರುತ್ತದೆ. ಪಾಸ್‌ಪೋರ್ಟ್ ಒಯ್ಯಿರಿ. ಬೇರೆಯವರನ್ನು ಕಳಿಸುವುದಾದರೆ ಫೋಲ್‌ಮಾಖ್ಟ್ ಎಂಬ ಸಹಿ ಮಾಡಿದ ಒಪ್ಪಿಗೆ ಬೇಕು.

ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ನನ್ನ ಸಲಹೆ ಪ್ಯಾಕ್‌ಸ್ಟೇಷನ್. ಸೂಪರ್ ಮಾರ್ಕೆಟ್, ರೈಲು ನಿಲ್ದಾಣಗಳ ಹತ್ತಿರ ಕಾಣುವ ಡಿಎಚ್‌ಎಲ್‌ನ ಹಳದಿ ಲಾಕರುಗಳವು. ಡಿಎಚ್‌ಎಲ್‌ನಲ್ಲಿ ನೋಂದಾಯಿಸಿದರೆ ಪೋಸ್ಟ್‌ನುಮ್ಮರ್ ಎಂಬ ಗ್ರಾಹಕ ಸಂಖ್ಯೆ ಸಿಗುತ್ತದೆ. ಬೀದಿಯ ಹೆಸರಿನ ಜಾಗದಲ್ಲಿ ಪ್ಯಾಕ್‌ಸ್ಟೇಷನ್ ಸಂಖ್ಯೆ, ನಿಮ್ಮ ಹೆಸರಿನ ಜೊತೆ ಪೋಸ್ಟ್‌ನುಮ್ಮರ್ ಬರೆಯಬೇಕು. ಬೇರೆ ಕೊರಿಯರ್‌ನವರು ಅದರೊಳಗೆ ಇಡಲಾರರು. ಹಾಗಾಗಿ ಅಂಗಡಿ ಯಾರ ಮೂಲಕ ಕಳಿಸುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

ಹಣದ ವಿಷಯ. ಕ್ಯಾಶ್ ಆನ್ ಡೆಲಿವರಿ ಇಲ್ಲಿ ಅಪರೂಪ, ಅದರ ಬದಲು ರೆಖ್ನುಂಗ್ ಇದೆ: ಸಾಮಾನು ಮೊದಲು, ಬಿಲ್ಲಿನ ಹಣ ಆಮೇಲೆ. ಕೊನೆಯ ದಿನಾಂಕ ಮರೆತರೆ ಮಾನುಂಗ್ ಎಂಬ ಎಚ್ಚರಿಕೆಯ ಪತ್ರ ಬರುತ್ತದೆ, ಜೊತೆಗೆ ಶುಲ್ಕವೂ ಬೀಳಬಹುದು.

ಬೇಡವಾದ ಸಾಮಾನನ್ನು ವಾಪಸ್ ಮಾಡಲು ಕಾನೂನು ಕೊಟ್ಟಿರುವ ಅವಕಾಶ ಕೈಸೇರಿದ ಮೇಲೆ 14 ದಿನ. ಇದು ವಿಡರ್‌ರೂಫ್. ಸುಮ್ಮನೆ ಪೆಟ್ಟಿಗೆ ವಾಪಸ್ ಕಳಿಸಿದರೆ ಸಾಲದು, ನನಗೆ ಇದು ಬೇಡ ಎಂದು ಇಮೇಲಿನಲ್ಲಾದರೂ ತಿಳಿಸಬೇಕು. ನಿಮ್ಮ ಅಳತೆಗೆಂದೇ ಹೊಲಿಸಿದ ಬಟ್ಟೆಯಂಥವಕ್ಕೆ ಇದು ಅನ್ವಯಿಸದು. ಅಂಗಡಿಗೆ ಹೋಗಿ ಕೊಂಡದ್ದಕ್ಕೂ ಈ ಹಕ್ಕಿಲ್ಲ. ವಾಪಸ್ ಕಳಿಸುವಾಗ ಕೌಂಟರಿನಲ್ಲಿ ಕೊಡುವ ರಸೀದಿಯನ್ನು ಹಣ ಖಾತೆಗೆ ಬರುವ ತನಕ ಎಸೆಯಬೇಡಿ.

ಇನ್ನು ಅಮ್ಮ ಕಳಿಸುವ ಪಾರ್ಸೆಲ್. ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆಗೆ 45 ಯೂರೋ ತನಕ ಸುಂಕವಿಲ್ಲ, ಕಾಫಿಪುಡಿಯಂಥ ಕೆಲವಕ್ಕೆ ಪ್ರಮಾಣದ ಮಿತಿ ಬೇರೆ ಇದೆ. ಹಾಲು, ಮಾಂಸದ ಪದಾರ್ಥ ಮಾತ್ರ ಎಷ್ಟೇ ಸಣ್ಣ ಪೊಟ್ಟಣವಾದರೂ ಕೂಡದು. ಮನೆ ತುಪ್ಪವೂ ಧಾರವಾಡ ಪೇಡವೂ ಇದಕ್ಕೇ ಸೇರುತ್ತವೆ. ಹಸಿ ಕರಿಬೇವನ್ನೂ ಹಾಕಬೇಡಿ ಎನ್ನಿ. ಚಟ್ನಿಪುಡಿ, ಸಾರಿನ ಪುಡಿ ಕಳಿಸಲಿ. ಅಂಚೆಕಚೇರಿಯ ಕಸ್ಟಮ್ಸ್ ಫಾರಂನಲ್ಲಿ “ತಿಂಡಿ ಸಾಮಾನು” ಎಂದಷ್ಟೇ ಬರೆಯದೆ ಒಂದೊಂದರ ಹೆಸರು, ತೂಕ, ಬೆಲೆಯನ್ನು ಇಂಗ್ಲಿಷಿನಲ್ಲಿ ತುಂಬಿಸಲು ಹೇಳಿ, ಆ ಫಾರಂನ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ.