ಎನ್‌ಸಿ ಷರತ್ತು ಕಿತ್ತು ಎಜಿಪಿಎಲ್ ಹಾಕಿದ ಮೇಲೆ

ಎನ್‌ಸಿ (ವ್ಯಾಪಾರಕ್ಕೆ ಬಳಸಬಾರದು ಅನ್ನೋ ಲೈಸೆನ್ಸ್ ಷರತ್ತು) ತೆಗೆದರೆ ಇನ್ನೊಬ್ಬ ಕಾಪಿ ಹೊಡೆದು ಮಾರಿಕೊಳ್ತಾನೆ ಅಂತ ದಾವಣಗೆರೆಯಲ್ಲಿ ಹೆದರಿಸದವರಿಲ್ಲ. ತೆಗೆದು ಎಜಿಪಿಎಲ್ (ಮಾರಬಹುದು, ಆದರೆ ತಿದ್ದಿದ ಕೋಡನ್ನು ಬಳಸುವವರಿಗೆ ಕೊಡಲೇಬೇಕು ಅನ್ನೋ ಲೈಸೆನ್ಸ್) ಹಾಕಿದೆವು, ಒಬ್ಬ ಮಾರಿಕೊಂಡ ಕೂಡ. ಆದರೂ ಐದಾರು ಅಂಗಡಿಯಲ್ಲಿದ್ದ ನಮ್ಮ ದಲ್ಲಾಳಿ ಲೆಕ್ಕದ ತಂತ್ರಾಂಶ ಈಗ ಎಪಿಎಂಸಿಯ ಮೂವತ್ತರ ಆಸುಪಾಸು ಅಂಗಡಿಗಳಲ್ಲಿ ಓಡ್ತಿದೆ.

ಮೊದಲಿದ್ದ ಲೈಸೆನ್ಸ್ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ-ಎನ್‌ಸಿ-ಎಸ್‌ಎ. ಮೆಕ್ಕೆಜೋಳದ ತೂಕ, ಹಮಾಲಿ, ಕಮಿಷನ್ ಲೆಕ್ಕ ಹಾಕುವ ಅಂಗಡಿ ಅಂದಮೇಲೆ ವ್ಯಾಪಾರವೇ. ಇನ್‌ಸ್ಟಾಲ್ ಮಾಡಿದ ಕೂಡಲೇ ಷರತ್ತು ಮುರಿದಂತೆ. ನಾಲ್ಕು ಸಾವಿರಕ್ಕೆ ವಿನಾಯಿತಿ ಮಾರಲು ಹೋದರೆ, ‘ಓಪನ್ ಸೋರ್ಸ್ ಅಂದಿದ್ರಲ್ಲ ಸಾರ್?’ ಅಂತ ಗುಮಾಸ್ತರೇ ಕೇಳಿದರು. ಕೇಳಿದ್ದು ಸರಿ: ಬಳಕೆಯ ಕ್ಷೇತ್ರ ನೋಡಿ ತಡೆಯಬಾರದು ಅನ್ನೋದು ಓಪನ್ ಸೋರ್ಸ್ ವ್ಯಾಖ್ಯೆಯ 6ನೇ ಅಂಶ. ಡೆಬಿಯನ್‌ನ (ಅದೊಂದು ಲಿನಕ್ಸ್ ವಿತರಣೆ) ಮುಖ್ಯ ಭಂಡಾರಕ್ಕೂ ಇಂಥದ್ದಕ್ಕೆ ಪ್ರವೇಶವಿಲ್ಲ. ಇನ್ನೂ ದೊಡ್ಡ ತೊಡಕು ಜಿಪಿಎಲ್ (ಎಜಿಪಿಎಲ್‌ನ ಅಣ್ಣನಂಥ ಲೈಸೆನ್ಸ್) ಇರುವ ಲೈಬ್ರರಿಗಳದ್ದು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನದ್ದು. ಜಿಪಿಎಲ್ ಕೋಡಿನ ಮೇಲೆ ಹೆಚ್ಚಿನ ನಿರ್ಬಂಧ ಹೇರುವಂತಿಲ್ಲ, ಹಾಗಾಗಿ ಎನ್‌ಸಿ ಕೋಡಿನ ಜತೆ ಕೂಡಿಸಿ ಹಂಚೋಕೆ ಬರಲ್ಲ. ಪಾಲಿಫಾರ್ಮ್ ನಾನ್‌ಕಮರ್ಷಿಯಲ್ ಅನ್ನೋ ಲೈಸೆನ್ಸ್ ತಂತ್ರಾಂಶಕ್ಕೆಂದೇ ಬರೆದದ್ದು, ಚೊಕ್ಕವಾಗಿದೆ, ಆದರೆ ಈ ಗಂಟು ಅದರಲ್ಲೂ ಬಿಚ್ಚಲ್ಲ. ಲಿನಕ್ಸ್ ಕೂಡ 1991ರಲ್ಲಿ ದುಡ್ಡು ತಗೊಂಡು ಹಂಚಬಾರದು ಅಂತಲೇ ಬಂದದ್ದು. 1992ರಲ್ಲಿ ಜಿಪಿಎಲ್‌ಗೆ ಹೋಯಿತು.

ಲೈಸೆನ್ಸ್ ಬದಲಾಯಿಸುವಾಗ ಮೊದಲು ಗಿಟ್ ಶಾರ್ಟ್‌ಲಾಗ್‌ನಿಂದ ಕೋಡ್ ಕೊಟ್ಟವರ ಪಟ್ಟಿ ತೆಗೆದು, ಪ್ರತಿಯೊಬ್ಬರಿಂದ ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಬೇಕು. ಉತ್ತರ ಬರದಿದ್ದರೆ ಒಪ್ಪಿಗೆ ಅಂತಲ್ಲ; ಕಾಲೇಜು ಮುಗಿಸಿ ಬೆಂಗಳೂರು ಸೇರಿದ ಹುಡುಗರು ಸಿಗಲೇ ಇಲ್ಲ, ಅವರು ಬರೆದಿದ್ದ ತೆರಿಗೆ ಲೆಕ್ಕದ ಭಾಗವನ್ನು ಹೊಸದಾಗಿ ಬರೆಸಲು ಹದಿನೈದು ಸಾವಿರದ ಹತ್ತಿರ ಖರ್ಚಾಯಿತು. ‘ಜಿಪಿಎಲ್ 2 ಮಾತ್ರ’ ಅಂತಿದ್ದ ಲೈಬ್ರರಿ ಎಜಿಪಿಎಲ್ 3ರ ಜತೆ ಕೂಡಲ್ಲ, ಅದನ್ನೂ ಕಿತ್ತೆವು. ಆಮೇಲೆ ಪ್ರತಿ ಫೈಲಿನ ತಲೆಗೆ ಲೈಸೆನ್ಸ್ ಯಾವುದೆಂದು ಹೇಳುವ ಎಸ್‌ಪಿಡಿಎಕ್ಸ್ ಸಾಲು. ಮುಂದೆ ಬೇರೆ ಲೈಸೆನ್ಸ್‌ನಲ್ಲೂ ಮಾರುವ ಯೋಚನೆಯಿದ್ದರೆ ಡಿಸಿಒ ಸಹಿ (ಈ ಕೋಡ್ ಕೊಡುವ ಹಕ್ಕು ನನಗಿದೆ ಅನ್ನೋ ಘೋಷಣೆ) ಸಾಲದು, ಸಿಎಲ್‌ಎ (ಬೇರೆ ಲೈಸೆನ್ಸ್‌ನಲ್ಲೂ ಕೊಡಲು ನಮಗೆ ಹಕ್ಕು ಕೊಡುವ ಒಪ್ಪಂದ) ಬೇಕು. ಹಳೇ ಪ್ರತಿಗಳಿಗೆ ಹಳೇ ಲೈಸೆನ್ಸೇ.

ಹೆಸರನ್ನು ಮಾತ್ರ ಬಿಡಲಿಲ್ಲ. ಎಜಿಪಿಎಲ್‌ನ 7ನೇ ಸೆಕ್ಷನ್ ಟ್ರೇಡ್‌ಮಾರ್ಕ್ ಹಕ್ಕು ಉಳಿಸಿಕೊಳ್ಳಲು ಬಿಡುತ್ತೆ. ಆನ್‌ಲೈನ್ ಟ್ರೇಡ್‌ಮಾರ್ಕ್ ಅರ್ಜಿಗೆ ವ್ಯಕ್ತಿಗಳಿಗೆ ಒಂದು ಕ್ಲಾಸಿಗೆ (ಸರಕು-ಸೇವೆಯ ಒಂದು ವರ್ಗಕ್ಕೆ) 4,500 ರೂಪಾಯಿ. ಕಾಪಿ ಮಾರಿದವನು ಬೇರೆ ಹೆಸರಿಡಬೇಕಾಯಿತು. ಅವನು ತಿದ್ದಿದ ಕೋಡ್ ಅವನ ಗಿರಾಕಿ ಕೈಯಿಂದಲೇ ನಮಗೆ ಸಿಕ್ಕಿತು.

ನಡುವೆ ರಸೀದಿಯ ಪ್ರಯೋಗವೂ ಆಯಿತು. ಫಾಂಟ್‌ನಲ್ಲೂ ಎನ್‌ಸಿ ಇತ್ತು, ಮುಕ್ತ ಲೈಸೆನ್ಸಿನ ನೋಟೋ ಸ್ಯಾನ್ಸ್ ಕನ್ನಡ ಹಾಕಿದೆವು. ಥರ್ಮಲ್ ಪ್ರಿಂಟರಿಗೆ ಪಠ್ಯ ಕಳಿಸಿದರೆ ಒತ್ತಕ್ಷರ ಚೂರುಚೂರು, 80 ಮಿ.ಮೀ. ಕಾಗದಕ್ಕೆ 576 ಚುಕ್ಕಿ ಅಗಲದ ಚಿತ್ರ ಮಾಡಿ ಕಳಿಸಿ.

ಈಗ ದುಡ್ಡು ಬರೋದು ವರ್ಷದ ಸಪೋರ್ಟ್‌ನಿಂದ, ಅಂಗಡಿಗೆ ಮೂರೂವರೆ ಸಾವಿರದಷ್ಟು. ಸರ್ವರಿಗೆ ತಿಂಗಳಿಗೆ ಎಂಟುನೂರು ಹೋಗುತ್ತೆ. ಸೀಸನ್‌ಗೆ ಮೊದಲು ಯಾವ ಅಂಗಡಿಗೆ ಹಾಕಿದರೆ ಪಕ್ಕದವರು ತಾವಾಗೇ ಕೇಳಿ ಬರ್ತಾರೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಚಳ್ಳಕೆರೆಯ ಶೇಂಗಾ ಮಂಡಿ ಇನ್ನೂ ಬಾಕಿ ಇದೆ.