ಗ್ಯಾಸ್ ಜಾಸ್ತಿ ಬಿಟ್ಟೆವು, ಎಣ್ಣೆ ಕಡಿಮೆಯಾಯಿತು

ಕೋಲಾರದ ಕಡೆ ಕಂಪ್ರೆಸರ್ ಬೋರ್‌ವೆಲ್ ನೋಡಿದವರಿಗೆ ನನ್ನ ಕೆಲಸ ಅರ್ಧ ಗೊತ್ತಿದ್ದ ಹಾಗೆ. ಪೈಪಿನೊಳಗೆ ಗಾಳಿ ಬಿಟ್ಟರೆ ನೀರು ನೊರೆಯಾಗಿ, ಹಗುರಾಗಿ ಮೇಲೆ ಬರುತ್ತದೆ, ಅಲ್ವಾ? ಅಸ್ಸಾಮಿನ ಶಿವಸಾಗರ ಜಿಲ್ಲೆಯ ಎಣ್ಣೆ ಬಾವಿಗಳಲ್ಲಿ ನಾನು ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಹೆಸರು ಗ್ಯಾಸ್ ಲಿಫ್ಟ್. ಇಲ್ಲಿ ಮಾತ್ರ ಗಾಳಿ ಬಿಡುವ ಹಾಗಿಲ್ಲ. ಒಳಗಿನ ಗ್ಯಾಸಿಗೆ ಆಮ್ಲಜನಕ ಸೇರಿದರೆ ಸ್ಫೋಟದ ಭಯ, ಪೈಪಿಗೂ ತುಕ್ಕು. ಅದಕ್ಕೇ ಎಣ್ಣೆಯ ಜೊತೆ ಬರುವ ಗ್ಯಾಸನ್ನೇ ಒತ್ತಿ, ಕೇಸಿಂಗ್ ಎಂಬ ಹೊರಗಿನ ಪೈಪು ಮತ್ತು ಟ್ಯೂಬಿಂಗ್ ಎಂಬ ಎಣ್ಣೆ ಬರುವ ಒಳಪೈಪಿನ ನಡುವಿನ ಸಂದಿಗೆ ಕಳಿಸುತ್ತೇವೆ. ಟ್ಯೂಬಿಂಗಿನ ಉದ್ದಕ್ಕೂ ಅಲ್ಲಲ್ಲಿ ವಾಲ್ವ್‌ಗಳಿರುತ್ತವೆ. ಬಾವಿ ಶುರುವಾದ ಮೇಲೆ ಮೇಲಿನವು ಮುಚ್ಚಿಕೊಂಡು, ಗ್ಯಾಸ್ ಕೆಳಗಿನ ವಾಲ್ವಿನಿಂದಲೇ ಒಳಗೆ ಹೋಗಬೇಕು.

3,000 ಮೀಟರ್ ನೀರಿನ ಕಂಬ ತಳದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 300 ಕೆಜಿ ಒತ್ತುತ್ತದೆ. ಬಂಡೆಯೊಳಗಿನ ಒತ್ತಡ 200ಕ್ಕೆ ಇಳಿದರೆ ದ್ರವ ಮುಕ್ಕಾಲು ದಾರಿಯೂ ಏರದೆ ನಿಂತುಬಿಡುತ್ತದೆ. ಎಣ್ಣೆ ನೀರಿಗಿಂತ ಹಗುರ ನಿಜ. ಆದರೆ ಬಾವಿಗೆ ವಯಸ್ಸಾದಂತೆ ನೀರಿನ ಪಾಲೇ ಹೆಚ್ಚುತ್ತದೆ. ಕುದುರೆ ತಲೆಯಂತೆ ಏರಿಳಿಯುವ ರಾಡ್ ಪಂಪ್ ಹಾಕೋಣ ಅಂದರೆ, ಅಷ್ಟು ಆಳಕ್ಕೆ ರಾಡುಗಳ ತೂಕವೇ ಏಳೆಂಟು ಟನ್. ಜೊತೆಗೆ ಅವು ಹಿಗ್ಗುವುದರಲ್ಲೇ ಏರಿಳಿತದ ಒಂದು ಪಾಲು ಕಳೆದುಹೋಗುತ್ತದೆ.

ಒಂದು ಬಾವಿ ಮರೆಯಲು ಆಗುವುದಿಲ್ಲ. ಎಣ್ಣೆ ಇಳಿಯುತ್ತಾ ಬಂತು. ನಾವು ಗ್ಯಾಸ್ ಏರಿಸಿದೆವು. ಇನ್ನೂ ಇಳಿಯಿತು. ಮತ್ತೆ ಏರಿಸಿದೆವು. ನಾನೇ ಹೇಳಿ ಮಾಡಿಸಿದ್ದು. ಗ್ಯಾಸಿನ ಹರಿವನ್ನು ಹಿಡಿತದಲ್ಲಿಡುವ ಕಿರುಕಿಂಡಿ, ಅಂದರೆ ಚೋಕ್ ಮೇಲೆ ಬೆಳಗಿನ ಹೊತ್ತು ಬಿಳಿ ಮಂಜು ಕಟ್ಟಿರುತ್ತಿತ್ತು, ಅಷ್ಟು ಜೋರಾಗಿ ಹರಿಯುತ್ತಿತ್ತು ಗ್ಯಾಸ್. ಎಣ್ಣೆಯ ಲೈನ್ ಮೇಲೆ ಅಂಗೈ ಇಟ್ಟರೆ ಒಮ್ಮೆ ಬೆಚ್ಚಗೆ, ಒಮ್ಮೆ ತಣ್ಣಗೆ.

ಕೊನೆಗೆ ಟ್ಯೂಬಿಂಗ್, ಕೇಸಿಂಗ್ ಎರಡರ ಒತ್ತಡವನ್ನೂ ಬರೆಯುವ ಎರಡು ಪೆನ್ನಿನ ರೆಕಾರ್ಡರ್ ಕೂರಿಸಿ ಒಂದು ದಿನ ಬಿಟ್ಟೆ. ದುಂಡು ಚಾರ್ಟಿನಲ್ಲಿ ಟ್ಯೂಬಿಂಗ್ ಗೆರೆ ಗರಗಸದ ಹಲ್ಲಿನ ಹಾಗೆ. ಕೇಸಿಂಗ್ ಒತ್ತಡ ಇರಬೇಕಾದ್ದಕ್ಕಿಂತ ಕೆಳಗೇ ನಿಂತಿತ್ತು. ಗ್ಯಾಸ್ ಎಲ್ಲೋ ಮೇಲೇ ನುಗ್ಗುತ್ತಿದೆ ಅನ್ನಿಸಿತು. ತಂತಿ ಕಟ್ಟಿ ಒತ್ತಡ, ಉಷ್ಣತೆಯ ಗೇಜ್ ಇಳಿಸಿದೆವು. ಕೆಳಗೆ ಹೋದಷ್ಟೂ ಬಿಸಿ ಏರಬೇಕು. ಮೇಲಿನಿಂದ ಎರಡನೇ ವಾಲ್ವ್ ಹತ್ತಿರ ಥಟ್ಟನೆ ತಣ್ಣಗಾಗಿತ್ತು. ಗ್ಯಾಸ್ ಅಲ್ಲೇ ನುಗ್ಗಿ ಹಿಗ್ಗುತ್ತಿತ್ತು. ಅದರ ಕೆಳಗೆಲ್ಲಾ ಹಗುರಾಗದ, ಭಾರವಾದ ದ್ರವ. ನಾವು ಏರಿಸಿದ ಗ್ಯಾಸೆಲ್ಲಾ ಮೇಲಿನ ಟ್ಯೂಬಿಂಗಿನಲ್ಲಿ ಕಿಕ್ಕಿರಿದು, ಘರ್ಷಣೆ ಹೆಚ್ಚಿಸಿ, ಬಾವಿಯನ್ನೇ ತಿರುಗಿ ಒತ್ತುತ್ತಿತ್ತು.

ರಿಗ್ ತರಿಸಬೇಕಾಗಲಿಲ್ಲ. ಆ ವಾಲ್ವ್ ಸೈಡ್ ಪಾಕೆಟ್ಟಿನಲ್ಲಿ, ಅಂದರೆ ಟ್ಯೂಬಿಂಗಿನ ಪಕ್ಕದ ಗೂಡಿನಲ್ಲಿ ಕೂತದ್ದು, ತಂತಿಯಿಂದಲೇ ಎಳೆದು ತೆಗೆದೆವು. ಒರೆಸಿ ಬೆಳಕಿಗೆ ಹಿಡಿದೆ. ವಾಲ್ವ್ ಮುಚ್ಚಿದಾಗ ಬಂದು ಕೂರುವ ಸೀಟಿನ ಅಂಚಿನಲ್ಲಿ ಉಗುರಲ್ಲಿ ಗೀರಿದಷ್ಟು ಒಂದು ಗೆರೆ, ಅಷ್ಟೇ. ಗ್ಯಾಸ್ ಅಲ್ಲೇ ಕೊರೆದು ದಾರಿ ಮಾಡಿಕೊಂಡಿತ್ತು.

ಹೊಸ ವಾಲ್ವ್ ಕೂರಿಸಿ ನಿಧಾನವಾಗಿ ಗ್ಯಾಸ್ ಬಿಟ್ಟೆವು. ಈ ಹೊತ್ತಿನಲ್ಲಿ ಆತುರ ಬೇಡವೇ ಬೇಡ. ಸಂದಿಯಲ್ಲಿ ತುಂಬಿಕೊಂಡ ದ್ರವ ವಾಲ್ವ್ ಮೂಲಕ ಜೋರಾಗಿ ನುಗ್ಗಿದರೆ ಹೊಸ ಸೀಟೂ ಕೊರೆದುಹೋಗುತ್ತದೆ. ಮೂರನೇ ದಿನ ಚಾರ್ಟ್ ಬಿಚ್ಚಿದಾಗ ಎರಡು ಗೆರೆಗಳೂ ಏರಿಳಿತವಿಲ್ಲದೆ ನಿಂತಿದ್ದವು. ಮೊದಲಿಗಿಂತ ಕಡಿಮೆ ಗ್ಯಾಸ್ ಸಾಕಾಯಿತು. ಉಳಿದದ್ದನ್ನು ಪಕ್ಕದ ಬಾವಿಗೆ ತಿರುಗಿಸಿದೆವು.