ರಂಕ್ಸ್-2 ಪ್ರಬಂಧ ಓದಲು ಒಂದು ಕ್ಯಾಲೆಂಡರ್ ಹಾಳೆ

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಓದುತ್ತಿರುವ ತಮ್ಮನ ಮಗಳು ಕಳೆದ ಭಾನುವಾರ ಬದಿಯಡ್ಕದ ನಮ್ಮ ಮನೆಗೆ ಬಂದಳು. ಕೈಯಲ್ಲಿ, ಎಲುಬಿಗೆ ಹರಡುವ ಕ್ಯಾನ್ಸರಿನಲ್ಲಿ ರಂಕ್ಸ್-2 ಎಂಬ ಪ್ರೋಟೀನಿನ ಪಾತ್ರದ ಬಗ್ಗೆ ಒಂದು ಸಂಶೋಧನಾ ಪ್ರಬಂಧ, ಅದರ ಕೊನೆಯ ಪುಟದಲ್ಲಿ ಬಾಣಗಳೇ ತುಂಬಿದ ಚಿತ್ರ. "ದೊಡ್ಡಪ್ಪಾ, ಎಲ್ಲ ಬಾಣವೂ ರಂಕ್ಸ್-2ರಿಂದಲೇ ಹೊರಡುತ್ತದೆ. ಸೆಮಿನಾರಿನಲ್ಲಿ ಏನೆಂದು ಹೇಳಲಿ?" ಮೂವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಜೀವಶಾಸ್ತ್ರ ಕಲಿಸಿದವನು ನಾನು. ಅವಳಿಗೆ ತೋರಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ, ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಎಲುಬಿನ ಕೋಶ’, ಬಲಕ್ಕೆ ‘ಗಡ್ಡೆಯ ಕೋಶ’. ಪೆನ್ಸಿಲಿನಲ್ಲೇ ಬರೆಯಿರಿ. ಒಂದು ಇನ್ನೊಂದನ್ನು ಎಬ್ಬಿಸಿದರೆ ಅದರತ್ತ ಬಾಣ ಎಳೆಯಿರಿ.

ಮೊದಲು ಎಡಭಾಗ. ರಂಕ್ಸ್-2 ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದರೆ ಡಿಎನ್‌ಎಯ ಗೊತ್ತಾದ ಜಾಗದಲ್ಲಿ ಕುಳಿತು, ಯಾವ ಜೀನನ್ನು ಎಷ್ಟು ಓದಬೇಕೆಂದು ನಿಯಂತ್ರಿಸುವ ಪ್ರೋಟೀನು. ರಂಕ್ಸ್-2 ಇಲ್ಲದೆ ಹುಟ್ಟಿದ ಇಲಿಮರಿಗಳಲ್ಲಿ ಮೃದ್ವಸ್ಥಿಯ ಹಂದರವಿತ್ತು, ಎಲುಬು ಕಟ್ಟಿರಲಿಲ್ಲ. ಹುಟ್ಟಿದೊಡನೆ ಉಸಿರಾಡಲಾರದೆ ಸತ್ತವು. ಇದು 1997ರಲ್ಲಿ ಪ್ರಕಟವಾದ ಸಂಗತಿ. ಮನುಷ್ಯರಲ್ಲಿ ಈ ಪ್ರೋಟೀನನ್ನು ಮಾಡಿಸುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಕೊರಳೆಲುಬು ಸರಿಯಾಗಿ ಬೆಳೆಯದು. ಕೆಳಗೆ ಆಸ್ಟಿರಿಕ್ಸ್ ಎಂಬ, ಎಲುಬು ಕಟ್ಟಲು ಬೇಕಾದ ಇನ್ನೊಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರನ್ನು ಸೇರಿಸಿ. ರಂಕ್ಸ್-2ರ ನಂತರದ ಪಾಳಿ ಅದರದ್ದು.

ಈಗ ಬಲಭಾಗ. ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿನ ಕೆಲವು ಕೋಶಗಳಲ್ಲಿ ಇದೇ ಪ್ರೋಟೀನು ಹೆಚ್ಚಾಗಿ ಕಾಣಿಸುತ್ತದೆ. ಅಲ್ಲಿ ಅದು ಎಂಎಂಪಿ-9, ಎಂಎಂಪಿ-13 ಎಂಬ, ಕೋಶಗಳ ಸುತ್ತಣ ಹೆಣಿಗೆಯನ್ನು ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಹೊಸ ರಕ್ತನಾಳಕ್ಕೆ ಬೇಕಾದ ವಿಇಜಿಎಫ್ ಎಂಬ ಪ್ರೋಟೀನನ್ನೂ ಎಬ್ಬಿಸುತ್ತದೆ. ಸ್ತನ ಕ್ಯಾನ್ಸರು ಎಲುಬನ್ನು ಸೇರಿದ ಮೇಲೆ ಬಾಣಗಳು ನಡುಗೆರೆ ದಾಟಬೇಕು. ಗಡ್ಡೆಯ ಕೋಶ ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನನ್ನು ಸ್ರವಿಸುತ್ತದೆ. ಎಲುಬು ಕಟ್ಟುವ ಕೋಶ ಅದಕ್ಕೆ ಓಗೊಟ್ಟು ರ‍್ಯಾಂಕ್‌ಎಲ್ ಎಂಬ ಸಂಕೇತದ ಪ್ರೋಟೀನನ್ನು ತಯಾರಿಸುತ್ತದೆ. ಅದರಿಂದ ಎಲುಬು ತಿನ್ನುವ ಕೋಶಗಳು ಬಲಿಯುತ್ತವೆ. ಎಲುಬು ಕರಗಿದಾಗ ಒಳಗೆ ಹುದುಗಿದ್ದ ಟಿಜಿಎಫ್-ಬೀಟಾ ಎಂಬ ಸಂಕೇತದ ಪ್ರೋಟೀನು ಹೊರಬಂದು ಗಡ್ಡೆಯನ್ನೇ ಮತ್ತೆ ಕೆಣಕುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಹೊಸ ಎಲುಬು ಅಡ್ಡಾದಿಡ್ಡಿಯಾಗಿ ಬೆಳೆಯುವುದೇ ಹೆಚ್ಚು. ಅದಕ್ಕೆ ಬೇರೆ ಹಾಳೆ ತೆಗೆದುಕೊಳ್ಳಿ.

ಪ್ರತಿ ಹೆಸರಿನ ಪಕ್ಕದಲ್ಲೂ ‘ಯಾವ ಕೋಶದಲ್ಲಿ’ ಎಂದು ಬರೆಯಿರಿ. ನಾನೊಮ್ಮೆ ತರಗತಿಯಲ್ಲಿ ರಂಕ್ಸ್-2ನ್ನು ‘ಕ್ಯಾನ್ಸರ್ ಜೀನ್’ ಎಂದುಬಿಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗ, "ಹಾಗಾದರೆ ಎಲುಬು ಬೆಳೆಯುತ್ತಿರುವ ನಮಗೆಲ್ಲ ಕ್ಯಾನ್ಸರ್ ಬರಬೇಕಲ್ಲ ಸರ್?" ಎಂದ. ಗಂಟೆ ಹೊಡೆದದ್ದರಿಂದ ಬಚಾವಾದೆ.

ಇನ್ನು ಪ್ರಯೋಗದ ವಿಧಾನ ಹೇಳುವ ಪುಟ. ಎಲ್ಲರೂ ಹಾರಿಸಿಬಿಡುವ ಪುಟ ಇದು. ನಾನಾದರೆ ಇದನ್ನೇ ಮೊದಲು ಓದುತ್ತೇನೆ. ಕ್ಯಾನ್ಸರ್ ಕೋಶಗಳನ್ನು ಇಲಿಯ ಯಾವ ಜಾಗಕ್ಕೆ ಚುಚ್ಚಿದರು? ನೇರವಾಗಿ ಕಣಕಾಲಿನ ಎಲುಬಿಗೆ ಚುಚ್ಚಿದ್ದರೆ, ಎಲುಬಿನೊಳಗೆ ಗಡ್ಡೆ ಹೇಗೆ ಬೆಳೆಯಿತು ಎಂಬುದಷ್ಟೇ ತಿಳಿಯುತ್ತದೆ. ಹೃದಯದ ಎಡ ಕೋಣೆಗೆ ಚುಚ್ಚಿದ್ದರೆ, ರಕ್ತದಿಂದ ಎಲುಬಿಗೆ ಇಳಿದ ದಾರಿಯೂ ಸಿಗುತ್ತದೆ. ಮೂಲ ಗಡ್ಡೆಯಿಂದ ಬಿಡಿಸಿಕೊಂಡ ಬಗೆ ಸಿಗದು. ಅದಕ್ಕೆ ಸ್ತನದ ಕೊಬ್ಬಿನಲ್ಲೇ ಗಡ್ಡೆ ಬೆಳೆಸಿ ಕಾಯಬೇಕು. ಕ್ಯಾನ್ಸರ್ ಹರಡುವುದನ್ನು ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಬೀಜಕ್ಕೂ ಮಣ್ಣಿಗೂ ಹೋಲಿಸಿದ್ದರು. ಅಡಿಕೆ ತೋಟದವರಾದ ನಮಗೆ ಇದು ಬೇಗ ಹಿಡಿಯುತ್ತದೆ: ಸಸಿಯನ್ನು ನಾವೇ ತಂದು ಗುಂಡಿಯಲ್ಲಿ ನೆಟ್ಟು, ಅದು ತಾನಾಗಿ ಉದುರಿ ಹುಟ್ಟಿದ್ದು ಎನ್ನುವಂತಿಲ್ಲ.

ಕೊನೆಗೆ, ರಂಕ್ಸ್-2ನ್ನು ತಗ್ಗಿಸಿದರೋ ಹೆಚ್ಚಿಸಿದರೋ ನೋಡಿ. ತಗ್ಗಿಸಿದಾಗ ಕೆಲಸ ನಿಂತರೆ ಅದು ಬೇಕೇ ಬೇಕು ಎಂದರ್ಥ. ಹೆಚ್ಚಿಸಿದಾಗ ಕೆಲಸ ನಡೆದರೆ, ಆ ಕೋಶದಲ್ಲಿ ಅಷ್ಟೇ ಸಾಕಾಯಿತು ಎಂದರ್ಥ. ಎರಡನ್ನೂ ಒಂದೇ ಬಾಣದಲ್ಲಿ ಬೆರೆಸಬೇಡಿ.

ತಮ್ಮನ ಮಗಳು ತಂದ ಪ್ರಬಂಧದಲ್ಲಿ ಚುಚ್ಚಿದ್ದು ಕಣಕಾಲಿನ ಎಲುಬಿಗೆ. ‘ಹರಡುವಿಕೆ’ಗೆ ಎಳೆದಿದ್ದ ದಪ್ಪ ಬಾಣವನ್ನು ಉಜ್ಜಿ, ‘ಎಲುಬಿನೊಳಗಿನ ಬೆಳವಣಿಗೆ’ ಎಂದು ತಿದ್ದಿದಳು. "ಸೆಮಿನಾರು ಅರ್ಧಕ್ಕರ್ಧ ಕಡಿಮೆಯಾಯಿತು" ಎಂದು ಮುಖ ಸಣ್ಣದು ಮಾಡಿಕೊಂಡು ಸಂಜೆಯ ಬಸ್ಸಿಗೆ ಹೊರಟಳು.